ಹತ್ತಿ ದರದಿಂದ ಹುಟ್ಟಿದ ಓಸಿ ಚೀಟಿ

‘ಇವತ್ತ ಏನ್ ಬಂತ್ರೀ?’

ಗದಗ-ಬೆಟಗೇರಿಯ ಚಹಾದಂಗಡಿ ಮುಂದೆ, ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳ ಕಟ್ಟೆ ಮೇಲೆ ಯಾರಾದರೂ ಹೀಗೆ ದನಿ ತಗ್ಗಿಸಿ ಕೇಳಿದರೆ ಅದು ಮಳೆಯ ಮಾತಲ್ಲ, ಹತ್ತಿ ದರದ ಮಾತೂ ಅಲ್ಲ. ಓಸಿ ಮಾತು. ಆದರೆ ಓಸಿ ಹುಟ್ಟಿದ್ದು ಹತ್ತಿ ದರದಿಂದಲೇ ಎಂಬುದು ಆಡುವವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ವರದಿಗಾರಿಕೆಗೆ ಬರುವವರೆಗೆ ನಮಗೂ ಗೊತ್ತಿರಲಿಲ್ಲ.

ಇಸ್ಪೀಟಿಗೆ ನಾಲ್ಕು ಮಂದಿ ಬೇಕು, ಹಾಸಲು ಒಂದು ಟವೆಲ್ ಬೇಕು. ಅಂದರ್-ಬಾಹರ್‌ಗೂ ಸುತ್ತ ಜನ ಬೇಕು. ಯಾರು ಎಷ್ಟು ಸೋತರು ಎಂಬುದು ಆ ಜನಕ್ಕೆ ಕಾಣುತ್ತದೆ, ಊರಿಗೂ ತಿಳಿಯುತ್ತದೆ. ಓಸಿಯೂ ಎಲೆಯ ಆಟವೇ, ಆದರೆ ಆಡುವವನ ಕೈಗೆ ಎಲೆ ಬರುವುದೇ ಇಲ್ಲ. ಅವನಿಗೆ ಸಿಗುವುದು ಅಂಗಿ ಜೇಬಿನಲ್ಲಿ ಮಡಚಿಡುವ ಬೆರಳಗಲದ ಚೀಟಿ. ಒಬ್ಬನೇ ಆಡುತ್ತಾನೆ, ಒಬ್ಬನೇ ಸೋಲುತ್ತಾನೆ. ಮನೆಯವರಿಗೆ ಗೊತ್ತಾಗುವುದು ಅಂಗಿ ಒಗೆಯಲು ಹಾಕಿದಾಗ.

ಈ ಸೀಮೆಯ ಎರೆಹೊಲಕ್ಕೂ ಅಮೆರಿಕಕ್ಕೂ ನಂಟು ಹಳೆಯದು. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿ ಬೆಳೆಗಾರರನ್ನು ಧಾರವಾಡ ಜಿಲ್ಲೆಗೆ ಕರೆಸಿ ಅಲ್ಲಿನ ತಳಿಯನ್ನು ಇಲ್ಲಿ ಬಿತ್ತಿಸಿದರು. ‘ಧಾರವಾಡ-ಅಮೆರಿಕನ್’ ಹತ್ತಿ ಎಂಬ ಹೆಸರು ಬಂದದ್ದು ಹಾಗೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಬಿತ್ತು. 1884ರಲ್ಲಿ ಹೊಟಗಿ ಕಡೆಯಿಂದ ಗದಗಕ್ಕೆ ರೈಲು ಬಂದ ಮೇಲೆ ಅಂಡಿಗೆಗಳು ಹೊರಗೆ ಹೋಗುವುದು ಸಲೀಸಾಯಿತು. ಬೆಳೆ ನಮ್ಮದು, ದರ ಬೇರೆಲ್ಲೋ ನಿಲ್ಲುವುದು.

ಇಪ್ಪತ್ತನೆಯ ಶತಮಾನದ ನಡುವಿಗೆ ಆ ‘ಬೇರೆಲ್ಲೋ’ ಎಂದರೆ ನ್ಯೂಯಾರ್ಕ್. ಅಲ್ಲಿನ ಹತ್ತಿ ವಿನಿಮಯ ಕೇಂದ್ರದ ದರ ಟೆಲಿಪ್ರಿಂಟರ್‌ನಲ್ಲಿ ಮುಂಬೈಗೆ ಬರುತ್ತಿತ್ತು. ಪೇಟೆ ತೆರೆದಾಗ ಒಂದು ದರ, ಅದು ಓಪನ್. ಮುಚ್ಚಿದಾಗ ಒಂದು ದರ, ಅದು ಕ್ಲೋಸ್. ಹತ್ತಿಯನ್ನು ಮುಟ್ಟದವರೂ ಆ ಅಂಕಿಗಳ ಮೇಲೆ ಹಣ ಹಚ್ಚತೊಡಗಿದರು. ಓಪನ್-ಕ್ಲೋಸ್ ನಮ್ಮ ಬಾಯಲ್ಲಿ ಓಸಿ.

1961ರಲ್ಲಿ ನ್ಯೂಯಾರ್ಕಿನಿಂದ ಆ ಅಂಕಿ ಬರುವುದು ನಿಂತಿತು. ಆಟ ಅಲ್ಲಿಗೇ ಸಾಯಬೇಕಿತ್ತು. ಆದರೆ 1962ರಲ್ಲಿ ಕಲ್ಯಾಣಜಿ ಭಗತ್ ವರ್ಲಿಯಲ್ಲಿ, 1964ರಲ್ಲಿ ರತನ್ ಖತ್ರಿ ಇನ್ನೊಂದು ಕಡೆ ತಮ್ಮದೇ ಅಂಕಿ ತೆಗೆಯಲು ನಿಂತರು. ಮೊದಮೊದಲು ಚೀಟಿಗಳನ್ನು ಮಡಕೆಗೆ ಹಾಕಿ ಎತ್ತುತ್ತಿದ್ದರು, ಅದಕ್ಕೇ ‘ಮಟಕಾ’. ಆಮೇಲೆ ಮಡಕೆ ಹೋಗಿ ಇಸ್ಪೀಟು ಕಟ್ಟು ಬಂತು. ಹೆಸರು ಮಾತ್ರ ಹಾಗೇ ಉಳಿಯಿತು. ತುರ್ತು ಪರಿಸ್ಥಿತಿಯಲ್ಲಿ ಖತ್ರಿ ಜೈಲು ಸೇರಿದರು, ಆಟ ನಿಲ್ಲಲಿಲ್ಲ.

ಮುಂಬೈ ನಮಗೆ ದೂರದ ಊರೇನಲ್ಲ. ಗದಗ, ಮುಂಡರಗಿ 1956ರವರೆಗೂ ಮುಂಬೈ ಆಡಳಿತದಲ್ಲೇ ಇದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು. ವ್ಯಾಪಾರವಿರಲಿ, ದುಡಿಯಲು ಹೋಗುವುದಿರಲಿ, ದಾರಿ ಆ ಕಡೆಗೇ ಇತ್ತು.

ಎಲೆ ಎತ್ತುವ ಕ್ರಮ ಹೀಗೆ. ರಾಜ, ರಾಣಿ, ಗುಲಾಮ ತೆಗೆದಿಟ್ಟು ಉಳಿದುದರಲ್ಲಿ ಮೂರು ಎಲೆ. 2, 5, 6 ಬಂದರೆ ಕೂಡಿಸಿದಾಗ 13, ಕೊನೆಯ ಅಂಕಿ 3. ಅದು ಓಪನ್. ಹೊತ್ತು ಕಳೆದು ಮತ್ತೆ ಮೂರು ಎಲೆ. 1, 8, 9 ಬಂದರೆ 18, ಅಂದರೆ ಕ್ಲೋಸ್ 8. ಜೋಡಿ 38. ಈ ಎಲೆಗಳನ್ನು ಯಾರು ಎತ್ತಿದರು, ಎಲ್ಲಿ ಎತ್ತಿದರು, ನಮ್ಮ ಚೀಟಿಯವ ಕಂಡವನಲ್ಲ.

ಈಗ ಲೆಕ್ಕ ನೋಡಿ. 00ರಿಂದ 99ರವರೆಗೆ ಜೋಡಿ ನೂರು. ನೂರು ಮಂದಿ ಒಂದೊಂದು ಜೋಡಿಗೆ ಒಂದೊಂದು ರೂಪಾಯಿ ಹಚ್ಚಿದರೆ ಕೂಡುವುದು 100. ಗೆದ್ದವನಿಗೆ ಒಂದಕ್ಕೆ 80 ಕೊಟ್ಟರೆ ಆಡಿಸುವವನಿಗೆ 20 ಉಳಿಯಿತು. ಮರುದಿನ ಮತ್ತೆ 20. ಆಡಿಸುವವನಿಗೆ ಅದೃಷ್ಟದ ಹಂಗೇ ಇಲ್ಲ.

ಆದರೂ ಇದು ಹಿಡಿಯುವುದು ಓಪನ್‌ಗೂ ಕ್ಲೋಸ್‌ಗೂ ನಡುವಿನ ಆ ಕೆಲವು ತಾಸಿನಲ್ಲಿ. ಓಪನ್ ಹತ್ತಿತು ಅನ್ನಿ. ಬಂದ ದುಡ್ಡು ಜೇಬಿಗಿಳಿಸಿ ಮನೆಗೆ ಹೋಗುವುದೋ, ಅದನ್ನೇ ಕ್ಲೋಸ್‌ಗೆ ಹಚ್ಚುವುದೋ? ಪಕ್ಕದಲ್ಲಿ ‘ಸಾಕ್ ಬಿಡೋ, ಎದ್ದೇಳು’ ಅನ್ನುವ ಗೆಳೆಯ ಇಲ್ಲ. ಫೋನಿನಲ್ಲಿ ಸಾಲಿಟೇರ್ ಆಡುವವನೂ ಒಬ್ಬನೇ ಆಡುತ್ತಾನೆ, ಅವನು ಕಳೆದುಕೊಳ್ಳುವುದು ಹೊತ್ತನ್ನು ಮಾತ್ರ. ಇವನು ಬೀಜ-ಗೊಬ್ಬರದ ದುಡ್ಡು ಹಿಡಿದು ನಿಂತಿರುತ್ತಾನೆ.

ಪೊಲೀಸರ ಪ್ರಕಟಣೆಗಳಲ್ಲಿ ‘ಕೆ.ಪಿ. ಆಕ್ಟ್ ಕಲಂ 78(3)’ ಎಂದು ಕಂಡರೆ ಅದು ಓಸಿ, ‘87’ ಎಂದರೆ ಅಂದರ್-ಬಾಹರ್. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಈ ಎರಡು ಅಂಕಿ ನಮಗೆ ಬಾಯಿಪಾಠ. ಸಿಕ್ಕಿಬೀಳುವವ ಬಹುತೇಕ ಚೀಟಿ ಬರೆಯುವ ಬಡವ. ಒಂದು ಪೆನ್ನು, ಒಂದು ಚೀಟಿ, ಕೆಲವು ನೂರು ರೂಪಾಯಿ ಜಪ್ತಿ. ಸುದ್ದಿ ನಾಲ್ಕು ಸಾಲು. ನಾವೂ ಅಷ್ಟೇ ಬರೆದು ಕಳಿಸಿದ್ದೇವೆ, ಸುಳ್ಳು ಯಾಕೆ ಹೇಳೋಣ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು. 2025ರಲ್ಲಿ ಹಣ ಹಚ್ಚುವ ಆನ್‌ಲೈನ್ ಆಟಗಳ ವಿರುದ್ಧ ಕೇಂದ್ರದ ಕಾಯ್ದೆ ಬಂತು. ಚೀಟಿ ಮಾತ್ರ ಇನ್ನೂ ಇದೆ. ಕೆಲವು ಕಡೆ ಅದು ವಾಟ್ಸ್ಆ್ಯಪ್ ಸಂದೇಶವಾಗಿದೆ.

ಮುಂಡರಗಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಬೆಳೆಹಾನಿ ಸುದ್ದಿಗೆಂದು ಹೋದಾಗ ಹಿರಿಯರೊಬ್ಬರು ತೂಕದ ಲೆಕ್ಕ ತೋರಿಸಲು ಹಳೇ ನೋಟ್‌ಬುಕ್ ತಂದರು. ಮುಂದಿನ ಹಾಳೆಗಳಲ್ಲಿ ಹತ್ತಿ, ಕ್ವಿಂಟಲ್, ದಲ್ಲಾಳಿ, ಸಾಲ. ಹಿಂದಿನಿಂದ ತಿರುವಿದರೆ ದಿನಕ್ಕೊಂದರಂತೆ ಜೋಡಿ ಅಂಕಿಗಳ ಸಾಲು, ವರ್ಷಗಟ್ಟಲೆಯದು. ಎರಡೂ ಕಡೆಯ ಬರಹ ನಡುವಿನ ಪಿನ್ನಿನ ಹತ್ತಿರ ಬಂದು ಸೇರಿತ್ತು. ಒಳಗಿನಿಂದ ಅವರ ಮನೆಯವರು ಚಹಾ ತಂದಿಟ್ಟು, ಆ ಪುಸ್ತಕ ನೋಡಿ, ಏನೂ ಮಾತಾಡದೆ ಒಳಗೆ ಹೋದರು.

ಹೊರಡುವಾಗ ಹಿರಿಯರು ಗಾಡಿಯ ತನಕ ಬಂದರು. ‘ನೀವು ಪೇಪರ್‌ನವ್ರು. ನಿಮಗ ಮುಂಚೇನ ಗೊತ್ತಾಗತಿರಬೇಕಲ್ರಿ, ಕ್ಲೋಸ್?’