ವಾಂಕಾ ಮತ್ತು ಇವಾನ್

ರಷ್ಯನ್ನರ ಹೆಸರುಗಳ ರೂಪಭೇದದಲ್ಲಿ ಒಂದು ಸಮಾಜದ ಚರಿತ್ರೆಯೇ ಅಡಗಿದೆ. ಇವಾನನನ್ನು ಗೌರವಿಸುವವರು ಅವನ ತಂದೆಯ ಹೆಸರನ್ನೂ ಸೇರಿಸಿ ಇವಾನ್ ಪೆತ್ರೋವಿಚ್ ಎನ್ನುತ್ತಾರೆ. ಮುದ್ದಿಸುವವರಿಗೆ ಅವನು ವಾನ್ಯಾ. ಹಿಂದೆ ಒಡೆಯರ ಬಾಯಲ್ಲಿ ಜೀತದಾಳು ಬರಿಯ ವಾಂಕಾ. ಅರ್ಜಿಗಳಲ್ಲಿ ಪ್ರಜೆಗಳು ಇಂಥ ಅರೆಹೆಸರುಗಳನ್ನು ಬರೆದುಕೊಳ್ಳಕೂಡದೆಂದು ಝಾರ್ ದೊರೆ ಮಹಾ ಪೀಟರ್ 1701ರಲ್ಲಿ ಆಜ್ಞೆ ಹೊರಡಿಸಿದನು. ಆದರೆ ಜೀತ ಉಳಿಯಿತು, ರೂಢಿಯೂ ಉಳಿಯಿತು. 1847ರಲ್ಲಿ ಗೊಗೊಲನಿಗೆ ಬರೆದ ಪತ್ರದಲ್ಲಿ ವಿಮರ್ಶಕ ಬೆಲಿನ್‌ಸ್ಕಿ ಇದನ್ನು ನಾಡಿನ ಅವಮಾನಗಳ ಸಾಲಿಗೇ ಸೇರಿಸಿದನು.

1861ರಲ್ಲಿ ಜೀತ ರದ್ದಾದರೂ ಹೆಸರಿನ ಮೇಲಿನ ಅದರ ಮುದ್ರೆ ಅಳಿಯಲಿಲ್ಲ. ಟಾಲ್‌ಸ್ಟಾಯ್ 1899ರ ‘ಪುನರುತ್ಥಾನ’ದಲ್ಲಿ, ಅರ್ಧ ದಾಸಿಯಾಗಿ ಅರ್ಧ ಸಾಕುಮಗಳಾಗಿ ಬೆಳೆದ ಹುಡುಗಿಗೆ ತಾತ್ಸಾರದ ಕಾತ್ಕಾವೂ ಅಲ್ಲದ, ಅಕ್ಕರೆಯ ಕಾತೆಂಕಾವೂ ಅಲ್ಲದ ನಡುವಣ ಹೆಸರನ್ನು ಕೊಟ್ಟನು: ಕತ್ಯೂಷಾ.

ಚೆಕಾಫನ 1886ರ ಕಥೆಯಲ್ಲಿ, ಜೋಡು ಹೊಲಿಯುವವನ ಬಳಿ ಏಟು ತಿನ್ನುತ್ತ ಕೆಲಸ ಕಲಿಯುವ ಒಂಬತ್ತು ವರ್ಷದ ಬಾಲಕ ಕಥೆಗಾರನಿಗೂ ವಾಂಕಾನೇ. ಆದರೆ ತನ್ನನ್ನು ಕರೆದೊಯ್ಯೆಂದು ಅಜ್ಜನಿಗೆ ಬರೆದ ಕಾಗದದ ಕೊನೆಯಲ್ಲಿ ಅವನು ತನ್ನನ್ನು ಇವಾನ್ ಝೂಕೊಫ್ ಎಂದು ಕರೆದುಕೊಳ್ಳುತ್ತಾನೆ. ಊರಿನ ಹೆಸರಿಲ್ಲದ ಆ ಕಾಗದ ಅಜ್ಜನನ್ನು ಮುಟ್ಟಲಾರದು. ಆ ಪೂರ್ಣ ನಾಮಧೇಯವನ್ನು ಓದಿದವರು ನಾವು ಮಾತ್ರ.