ಶಾಲೆ ಮುಗಿಸಿ ಹೊರಟ ಹುಡುಗರು: ಮಾಗಡಿ, ಕ್ಲೋಸ್‌ಪೇಟೆ, ಚನ್ನಪಟ್ಟಣ, ಕನಕಪುರ

ಕನ್ನಡದಲ್ಲಿ ಗುರುಗಳ ವ್ಯಕ್ತಿಚಿತ್ರಗಳಿಗೆ ಬರವಿಲ್ಲ. ಬಿ.ಎಂ. ಶ್ರೀಕಂಠಯ್ಯನವರಿಗೆ ಶಿಷ್ಯರೂ ಅಭಿಮಾನಿಗಳೂ 1941ರಲ್ಲಿ ‘ಸಂಭಾವನೆ’ಯನ್ನು ಅರ್ಪಿಸಿದ ಕಾಲದಿಂದ ಈ ಪರಂಪರೆ ಬೆಳೆಯುತ್ತಲೇ ಬಂದಿದೆ. ಟಿ.ಎಸ್. ವೆಂಕಣ್ಣಯ್ಯನವರು ಬರೆದದ್ದಕ್ಕಿಂತ ಅವರನ್ನು ಕುರಿತು ಶಿಷ್ಯರು ಬರೆದದ್ದೇ ಹೆಚ್ಚು. ಆದರೆ ಶಾಲೆ ಮುಗಿಸಿ ಹೊಸಿಲು ದಾಟುತ್ತಿರುವ ಹುಡುಗನನ್ನು ಗುರು ಅಕ್ಕರೆಯಿಂದ ನೋಡಿ ಬರೆದ ಚಿತ್ರಗಳು ತೀರ ವಿರಳ. ಅಂಥ ಮಾತು ಸಿಕ್ಕರೆ ಸಿಗುವುದು ಶಿಷ್ಯನ ಮೊದಲ ಪುಸ್ತಕದ ಮುನ್ನುಡಿಯಲ್ಲಿ. ಅದೂ ಶಿಷ್ಯ ಕವಿಯೋ ವಿದ್ವಾಂಸನೋ ಆದ ಮೇಲೆ. ಬೀಳ್ಕೊಡುಗೆಯ ದಿನದ ಸಾಲುಚಿತ್ರದಲ್ಲಿ ನಿಂತ ಉಳಿದವರ ಪಾಲಿಗೆ ಹೆಸರೂ ಉಳಿಯುವುದಿಲ್ಲ. ಮುಂದೆ ನಾಡಿಗೆ ಪರಿಚಿತರಾದ ಕೆಲವರ ಮೂಲಕವಷ್ಟೇ ಆ ಹುಡುಗರ ಲೋಕವನ್ನು ಊಹಿಸಿಕೊಳ್ಳಬೇಕು.

2007ರಲ್ಲಿ ಒಂದು ಜಿಲ್ಲೆಯಾಗಿ ಕೂಡಿಕೊಂಡ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಇಂಥ ಊಹೆಗೆ ಒಳ್ಳೆಯ ನೆಲ. ನಾಲ್ಕೂ ಬೆಂಗಳೂರಿಗೆ ಹತ್ತಿರ. ಆದರೆ ನಾಲ್ಕರ ಹುಡುಗರಿಗೂ ದಾರಿ ಒಂದೇ ಆಗಿರಲಿಲ್ಲ. ಬೆಂಗಳೂರು–ಮೈಸೂರು ರೈಲುಮಾರ್ಗ 1882ರ ಹೊತ್ತಿಗೆ ಪೂರ್ಣಗೊಂಡಿತು. ಅದು ಬಿಡದಿ, ಕ್ಲೋಸ್‌ಪೇಟೆ, ಚನ್ನಪಟ್ಟಣಗಳನ್ನು ಹಾದುಹೋಯಿತು, ಮಾಗಡಿಯನ್ನೂ ಕನಕಪುರವನ್ನೂ ಮುಟ್ಟಲಿಲ್ಲ. ರೈಲು ಕಂಡ ಊರಿನ ಹುಡುಗ ಪೂರ್ವಕ್ಕೋ ಪಶ್ಚಿಮಕ್ಕೋ ಹೊರಟರೆ ಒಂದು ಮಹಾನಗರ ಸಿಗುತ್ತಿತ್ತು. ಮಾಗಡಿ ಸೀಮೆಯ ಹುಡುಗ ಕಾಲ್ನಡಿಗೆಯನ್ನೂ ಎತ್ತಿನ ಗಾಡಿಯನ್ನೂ ನೆಚ್ಚಬೇಕಾಗಿತ್ತು. ಇನ್ನೊಂದು ಕಟ್ಟುಪಾಡೂ ಇತ್ತು. ಮೈಸೂರು ವಿಶ್ವವಿದ್ಯಾನಿಲಯದ ಅಂದಿನ ವ್ಯವಸ್ಥೆಯಲ್ಲಿ ಕಲಾವಿಷಯಗಳಿಗೆ ಮೈಸೂರಿನ ಮಹಾರಾಜ ಕಾಲೇಜು, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಹುಡುಗ ಆರಿಸಿಕೊಂಡ ವಿಷಯವೇ ಅವನ ಊರನ್ನೂ ನಿರ್ಧರಿಸುತ್ತಿತ್ತು.

ಕ್ಲೋಸ್‌ಪೇಟೆಯೆಂದರೆ ಇಂದಿನ ರಾಮನಗರ. ಅದರ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಹನುಮಂತಯ್ಯ ಒಕ್ಕಲುತನದ ಮನೆಯ ಮಗ. ಹೆಸರಿನ ಹಿಂದಿನ ‘ಕೆಂಗಲ್’ ಅಲ್ಲಿಯ ಆಂಜನೇಯನದು. ಆತ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಗೆ ಹೋಗಿ ಕಾನೂನು ಓದಿದರು. ಮುಂದಿನ ಕಥೆ, ವಿಧಾನಸೌಧದವರೆಗೆ, ಎಲ್ಲರಿಗೂ ಗೊತ್ತು. ಸಾಹಿತ್ಯದ ವಿದ್ಯಾರ್ಥಿಗಳು ನೆನೆಯಬೇಕಾದದ್ದು ಬೇರೊಂದು. ಕುಮಾರವ್ಯಾಸ ಭಾರತವನ್ನು ಬಡವನೂ ಕೊಳ್ಳಬಹುದಾದ ಬೆಲೆಗೆ ಸರ್ಕಾರದಿಂದ ಅಚ್ಚುಹಾಕಿಸುವ ಯೋಜನೆಯ ಹಿಂದೆ ಇದ್ದವರು ಈ ಮುಖ್ಯಮಂತ್ರಿ. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ ಆ ಆವೃತ್ತಿ ಹಳ್ಳಿಯ ಜಗುಲಿಗಳಿಗೆ ಇಳಿಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನದೊಡನೆ ಇದನ್ನು ಇಟ್ಟು ನೋಡಬಹುದು. ಹೋಲಿಕೆ ಅತಿಯೆನಿಸಿದರೂ ಅನುಚಿತವಲ್ಲ.

ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣನ ಚಿತ್ರ ಹೆಚ್ಚು ಕಾಡುವಂಥದು. ಹೊನ್ನೇಗೌಡ–ಗಂಗಮ್ಮ ದಂಪತಿಗಳ ಹದಿಮೂರು ಮಕ್ಕಳಲ್ಲಿ ಕಡೆಯವನು. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡವನು. ಓದಿದ್ದು ತುಮಕೂರು ಸೀಮೆಯ ನಾಗವಲ್ಲಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಯಲ್ಲಿ, ಮುಂದೆ ತುಮಕೂರಿನಲ್ಲಿ. ಕೆಲಕಾಲ ಸಿದ್ಧಗಂಗೆಯ ಮಠದಲ್ಲಿದ್ದು ಓದಿದ. 1926ರಲ್ಲಿ ಮೆಟ್ರಿಕ್ಯುಲೇಷನ್. ಮರುವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜು. ವಿಷಯ ಭೌತಶಾಸ್ತ್ರ ಮತ್ತು ಗಣಿತ. ಶಾಲೆ ಮುಗಿಸಿದ ಆ ಹುಡುಗನ ಮನಸ್ಸಿನಲ್ಲಿ ಕಾವಿಯಿರಲಿಲ್ಲ, ಲೆಕ್ಕವಿತ್ತು. ವಿಷಯದ ಆಯ್ಕೆ ಹೇಳುವುದು ಇಷ್ಟನ್ನೇ. ಮಠಕ್ಕೆ ಉತ್ತರಾಧಿಕಾರಿಯಾಗಿ ಗೊತ್ತಾಗಿದ್ದವರು ಮರುಳಾರಾಧ್ಯರು, ಶಿವಣ್ಣನ ಗೆಳೆಯರು. ಅವರು ಅಕಾಲದಲ್ಲಿ ತೀರಿಕೊಂಡಾಗ ಅಂತಿಮ ದರ್ಶನಕ್ಕೆಂದು ಬಂದ ಈ ವಿದ್ಯಾರ್ಥಿಯ ಮೇಲೆ ಉದ್ಧಾನ ಶಿವಯೋಗಿಗಳ ದೃಷ್ಟಿ ನೆಟ್ಟಿತು. 1930ರ ಮಾರ್ಚ್ 3ರಂದು ದೀಕ್ಷೆಯಾಯಿತು. ಶಿವಣ್ಣ ಶಿವಕುಮಾರ ಸ್ವಾಮಿಯಾದರು. ಪದವಿ ಕೈಗೆ ಬರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ 1965ರಲ್ಲಿ ಗೌರವ ಡಾಕ್ಟರೇಟ್ ನೀಡುವವರೆಗೆ ವಿಶ್ವವಿದ್ಯಾಲಯಗಳ ಲೆಕ್ಕದಲ್ಲಿ ಅದು ಅರ್ಧಕ್ಕೆ ನಿಂತ ಓದೇ ಆಗಿತ್ತು.

ಗೆಳೆಯನನ್ನು ಕಳೆದುಕೊಂಡ ದಿನವೇ ತನ್ನ ಬದುಕಿನ ದಿಕ್ಕೂ ಬದಲಾಗುವುದು ಸಣ್ಣ ಮಾತಲ್ಲ. ಚರಿತ್ರಕಾರರು ಇದನ್ನು ದೈವಸಂಕಲ್ಪವೆಂದು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಊರಿನಲ್ಲಿ ಮಗ ಓದಿ ಬರುವನೆಂದು ಕಾದಿದ್ದ ಮನೆಯಿತ್ತೆಂಬುದು ಆ ವಾಕ್ಯದಲ್ಲಿ ಮರೆಯಾಗುತ್ತದೆ.

ಮಠದ ಅಂಗಳದಲ್ಲಿ ಉಂಡು ಓದಿದ ಆ ಹುಡುಗನೇ ಮುಂದೆ ಸಾವಿರಾರು ಮಕ್ಕಳಿಗೆ ಜಾತಿಭೇದವಿಲ್ಲದೆ ಊಟವನ್ನೂ ಓದನ್ನೂ ಒಂದೇ ಸೂರಿನಡಿ ಕೊಟ್ಟರು. ಇದರ ಮಹತ್ತ್ವ ತಿಳಿಯಲು ಆ ಕಾಲದ ಸ್ಥಿತಿಯನ್ನು ನೋಡಬೇಕು. ಶಾಲೆಯ ಶುಲ್ಕ ಹೊಂದಿಸಬಹುದಿತ್ತು. ಎರಡು ಹೊತ್ತಿನ ಅನ್ನ ಹೊಂದುತ್ತಿರಲಿಲ್ಲ. ಬ್ರಾಹ್ಮಣ ಹುಡುಗರಿಗೆ ವಾರಾನ್ನದ ರೂಢಿಯಿತ್ತು. ಉಳಿದವರಿಗೆ ಅದೂ ಇಲ್ಲ. ಗುಬ್ಬಿ ತೋಟದಪ್ಪನವರಂಥ ವರ್ತಕರು ವಿದ್ಯಾರ್ಥಿನಿಲಯಕ್ಕೆ ಆಸ್ತಿ ಬಿಟ್ಟುಹೋದರು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಸ್ಥೆಗಳು ತಮ್ಮ ಮಕ್ಕಳಿಗೆ ನೆಲೆ ಕಲ್ಪಿಸಿದವು. ಸಂಘವೂ ಇಲ್ಲದ, ದಾನಿಯೂ ಇಲ್ಲದ ಜಾತಿಯ ಹುಡುಗ ಊರಿನಲ್ಲೇ ಉಳಿದ. ಹುಡುಗಿಯ ಪ್ರಶ್ನೆಯೇ ಏಳಲಿಲ್ಲ.

ಜೈನ ಶಾಸನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತವೆ. ಅನ್ನವನ್ನು ಬಿಟ್ಟು ಶಾಸ್ತ್ರವಿಲ್ಲವೆಂಬ ವಿವೇಕ ಆ ಸಮಾಸದಲ್ಲಿದೆ. ಮಾಗಡಿಯ ನೆಲಕ್ಕೆ ಈ ಮಾತು ಹೊರಗಿನದಲ್ಲ. ಬುಕ್ಕರಾಯ 1368ರಲ್ಲಿ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ವ್ಯಾಜ್ಯವನ್ನು ತೀರ್ಮಾನಿಸಿದ ಪ್ರಸಿದ್ಧ ಪ್ರಕರಣದಲ್ಲಿ, ದೊರೆಗೆ ಮೊರೆಯಿಟ್ಟ ಭವ್ಯಜನರು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳವರು. ಆ ಕಲ್ಲೆಹವೇ ಮಾಗಡಿ ತಾಲ್ಲೂಕಿನ ಕಲ್ಯ. ಶ್ರವಣಬೆಳಗೊಳದ ಶಾಸನದ ಇನ್ನೊಂದು ಪ್ರತಿ ಅಲ್ಲಿಯೂ ದೊರೆತಿದೆ. ಇಂದು ಕಲ್ಯದ ಬೆಟ್ಟ ಏರುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ!

ರಾಮನಗರ ತಾಲ್ಲೂಕಿನ ಬಾನಂದೂರು ಇದೇ ಕಥೆಯ ಮುಂದಿನ ತಲೆಮಾರು. 1945ರಲ್ಲಿ ಅಲ್ಲಿ ಹುಟ್ಟಿದ ಗಂಗಾಧರಯ್ಯ 1974ರಲ್ಲಿ ಬಾಲಗಂಗಾಧರನಾಥ ಸ್ವಾಮಿಯಾಗಿ ಆದಿಚುಂಚನಗಿರಿಯ ಪೀಠವೇರಿ ನಾಡಿನುದ್ದಕ್ಕೂ ಶಾಲೆ ಕಾಲೇಜುಗಳನ್ನು ಕಟ್ಟಿದರು. ಕನಕಪುರದಲ್ಲಾದರೋ ಪೀಠದ ಬಲವಿಲ್ಲದೆ ಗಾಂಧೀವಾದಿ ಎಸ್. ಕರಿಯಪ್ಪನವರು ಗ್ರಾಮಾಂತರ ವಿದ್ಯಾಸಂಸ್ಥೆಯನ್ನು ಕಟ್ಟಿ, ಹುಡುಗ ಊರು ಬಿಡುವ ಬದಲು ಕಾಲೇಜೇ ಊರಿಗೆ ಬರುವಂತೆ ಮಾಡಿದರು. ರೈಲು ಬಾರದ ಊರಿಗೆ ಅದು ದೊಡ್ಡ ಕೊಡುಗೆ; ಅವರ ಸವಿವರ ಜೀವನಚರಿತ್ರೆಗೆ ತೊಡಗುವ ಸಂಶೋಧಕನಿಗೆ ಕೆಲಸ ಸಾಕಷ್ಟಿದೆ.

ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯ ಜವರೇಗೌಡರದು ಬೇರೆ ಬಗೆ. ರೈತರ ಮನೆಯಿಂದ ಬಂದು, ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿ, ಕುವೆಂಪು ಅವರ ಶಿಷ್ಯರಾದರು. ಗುರು ಕುಳಿತ ಕುಲಪತಿಯ ಕುರ್ಚಿಯಲ್ಲಿ 1969ರಿಂದ 1975ರವರೆಗೆ ತಾವೂ ಕುಳಿತರು. ಕನ್ನಡ ಅಧ್ಯಯನ ಸಂಸ್ಥೆಯನ್ನು ಬೆಳೆಸಿದರು. ಇಳಿವಯಸ್ಸಿನಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಬೇಕೆಂದು ಉಪವಾಸ ಕುಳಿತರು. 2008ರಲ್ಲಿ ಅದು ದೊರೆತುದನ್ನು ಕಂಡರು. 2016ರಲ್ಲಿ ತೀರಿಕೊಂಡರು. ಗುರುವನ್ನು ಕುರಿತು ಅವರು ಬರೆದದ್ದು ಅಪಾರ. ಅದರಲ್ಲಿ ಭಕ್ತಿ ವಿಮರ್ಶೆಯನ್ನು ಮೀರಿದೆಯೆಂಬ ಆಕ್ಷೇಪ ನಿರಾಧಾರವಲ್ಲ. ಆದರೆ ಈ ಸೀಮೆಯಿಂದ ಹೊರಟ ಇಲ್ಲಿಯ ಹುಡುಗರ ಪೈಕಿ ಅಧ್ಯಾಪಕನ ಮೇಜಿನ ಹಿಂದೆ ನಿಂತು ಮತ್ತೊಂದು ತಲೆಮಾರಿನ ಹಳ್ಳಿಯ ಹುಡುಗರನ್ನು ಬರಮಾಡಿಕೊಂಡವರು ಅವರು. ಆತ್ಮಕಥೆಗೆ ಅವರಿಟ್ಟ ಹೆಸರು ‘ಹೋರಾಟದ ಬದುಕು’.