ಅಳಿಸಿಹೋದ ಎರಡು ವಾಕ್ಯಗಳು

ಬಿ.ಕಾಂ. ಓದುವಾಗ ‘ಲಂಡನ್ ಅಂಡ್ ಜನರಲ್ ಬ್ಯಾಂಕ್, 1895’ ಎಂಬ ಮೊಕದ್ದಮೆ ನನಗೆ ಕೇವಲ ಎರಡು ಅಂಕದ ಉತ್ತರವಾಗಿತ್ತು. ಈಗ ಲೆಕ್ಕಪರಿಶೋಧನೆಯ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತ ಮತ್ತೆ ಅದರ ಬಳಿ ಹೋದಾಗ, ಅದು ಲೆಕ್ಕದ ಕಥೆಗಿಂತ ಹೆಚ್ಚಾಗಿ ಚೌಕಾಸಿಯ ಕಥೆಯಾಗಿ ಕಂಡಿತು.

ಬ್ಯಾಂಕಿನ ಹಿಂದಿದ್ದವನು ಜೇಬೆಜ್ ಬಾಲ್ಫರ್. ಬ್ರಿಟಿಷ್ ಸಂಸದ, ಲಿಬರೇಟರ್ ಬಿಲ್ಡಿಂಗ್ ಸೊಸೈಟಿಯ ಸ್ಥಾಪಕ. ಬ್ಯಾಂಕಿನ ಸಾಲದ ಬಹುಪಾಲು ಅವನ ಬಳಗದ ಕಂಪನಿಗಳಿಗೇ ಹೋಗಿತ್ತು. ಕೈಗೆ ಬಾರದ ಬಡ್ಡಿಯನ್ನೂ ಲಾಭವೆಂದು ಬರೆದು ಡಿವಿಡೆಂಡ್ ಹಂಚಲಾಗುತ್ತಿತ್ತು.

1891ರ ಲೆಕ್ಕ ನೋಡಿದ ಆಡಿಟರ್ ಥಿಯೋಬಾಲ್ಡ್‌ಗೆ ಇದು ಕಾಣದೆ ಹೋಗಲಿಲ್ಲ. ನಿರ್ದೇಶಕರಿಗೆ ಬರೆದ ವರದಿಯಲ್ಲಿ ಸಾಲಗಳ ದುಃಸ್ಥಿತಿ ವಿವರಿಸಿ, ಈ ವರ್ಷ ಡಿವಿಡೆಂಡ್ ಕೊಡಲೇಬಾರದು ಎಂದು ಮುಗಿಸಿದ. ಬಾಲ್ಫರ್ ಮನವೊಲಿಸಿದ, ಆ ಕೊನೆಯ ವಾಕ್ಯ ಹೋಯಿತು.

ಇನ್ನು ಷೇರುದಾರರಿಗೆ ಕೊಡುವ ಪ್ರಮಾಣಪತ್ರ. ಅದರಲ್ಲಿ ಎರಡು ಮಾತಿದ್ದವು: ಆಸ್ತಿಗಳ ಮೌಲ್ಯ ಅವು ವಸೂಲಾಗುವುದನ್ನು ಅವಲಂಬಿಸಿದೆ, ಈ ಬಗ್ಗೆ ಮಂಡಳಿಗೆ ಪ್ರತ್ಯೇಕ ವರದಿ ಕೊಟ್ಟಿದ್ದೇವೆ. ಎರಡನೆಯದನ್ನು ತೆಗೆದರೆ ಸಭೆಯಲ್ಲಿ ತಾನೇ ಅದನ್ನು ಪ್ರಸ್ತಾಪಿಸುವುದಾಗಿ ಬಾಲ್ಫರ್ ಹೇಳಿದ. ಅದೂ ಹೋಯಿತು.

ಉಳಿದ ಮಾತು ಸುಳ್ಳಲ್ಲ. ಆದರೆ ಯಾವ ಬ್ಯಾಂಕಿನ ಸಾಲದ ಬೆಲೆ ತಾನೇ ವಸೂಲಿಯನ್ನು ಅವಲಂಬಿಸಿಲ್ಲ? ಎಲ್ಲರಿಗೂ ಒಪ್ಪುವ ಮಾತು ಯಾರಿಗೂ ಏನನ್ನೂ ತಿಳಿಸಲಿಲ್ಲ.

1892ರಲ್ಲಿ ಇಡೀ ಬಳಗ ಕುಸಿಯಿತು. ಸಣ್ಣ ಉಳಿತಾಯದ ಸಾವಿರಾರು ಜನ ಹಣ ಕಳೆದುಕೊಂಡರು. ಅರ್ಜೆಂಟೀನಾಕ್ಕೆ ಓಡಿಹೋದ ಬಾಲ್ಫರ್‌ನನ್ನು ಹಿಡಿದು ತಂದು, 1895ರಲ್ಲಿ 14 ವರ್ಷಗಳ ಸಜೆ ವಿಧಿಸಲಾಯಿತು. ಅದೇ ವರ್ಷ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಲಿಂಡ್ಲಿ ಆಡಿಟರನ ಕರ್ತವ್ಯವನ್ನು ವಿವರಿಸಿದರು. ಕೇಳುಗನಿಗೆ ಇನ್ನಷ್ಟು ಪ್ರಶ್ನೆ ಹುಟ್ಟುವಷ್ಟು ಸುಳಿವು ಕೊಟ್ಟರೆ ಸಾಲದು, ತಿಳಿಸಬೇಕಾದ್ದನ್ನು ತಿಳಿಸಲೇಬೇಕು ಎಂಬುದು ಅವರ ಮಾತಿನ ಸಾರ. 1891ರ ಆ ಡಿವಿಡೆಂಡಿಗೆ ಥಿಯೋಬಾಲ್ಡ್ ಹೊಣೆಯಾದ.

ನನ್ನ ಮೊದಲ ಕರಡಿನಲ್ಲಿ ಅವನನ್ನು ಹೇಡಿ ಎಂದು ಬರೆದಿದ್ದೆ. ಆಮೇಲೆ ಆ ಪದ ಹೊಡೆದುಹಾಕಿದೆ. ಅವನು ಸತ್ಯವನ್ನು ಕಂಡಿದ್ದ, ಬರೆದೂ ಇದ್ದ. ಬಿಟ್ಟುಕೊಟ್ಟದ್ದು ಒಂದು ವಾಕ್ಯ, ಆಮೇಲೆ ಇನ್ನೊಂದು. ಪ್ರತಿ ಸಲವೂ ಅದು ಸಣ್ಣದೆನಿಸಿರಬೇಕು. ಇಂದಿಗೂ ಆಡಿಟರ್ ಮತ್ತು ಕಂಪನಿಯ ಭಿನ್ನಾಭಿಪ್ರಾಯ ಬಗೆಹರಿಯುವುದು ಹೀಗೆ ಮುಚ್ಚಿದ ಬಾಗಿಲ ಹಿಂದೆ, ಪದಪದಕ್ಕೂ ಮಾತುಕತೆಯಾಗಿ. ಆ ಮಾತುಕತೆ ಇಬ್ಬರ ನಡುವೆ ಮುಗಿಯುತ್ತದೆ. ವರದಿ ಯಾರಿಗಾಗಿಯೋ ಆ ಷೇರುದಾರ ಮಾತ್ರ ಕೋಣೆಯಲ್ಲಿ ಇರುವುದಿಲ್ಲ.